ಚರಗ ಚೆಲ್ಲುವಾಗ ಹಿಂದೆ ಬಂದದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವ ಪೈಕಿ ಅಲ್ಲ. ನನ್ನ ತವರು ನೇಸರಗಿಯಲ್ಲಿ ಯಾರಿಗೋ ಗಾಳಿ ಸೋಕಿದೆಯೆಂದು ಓಣಿಗೆ ಓಣಿಯೇ ಗುಲ್ಲೆದ್ದಾಗ, "ಗಾಳಿನೂ ಇಲ್ಲ ಗೀಳಿನೂ ಇಲ್ಲ, ಪಿತ್ತ ಆಗೇತಿ, ಲಿಂಬಿಹಣ್ಣ ಹಿಂಡಿ ಕುಡಸ್ರಿ" ಎಂದು ಹೇಳಿ ಅಜ್ಜಿಯಿಂದ ಬೈಸಿಕೊಂಡವಳು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೂ ನನ್ನ ಬಾಯಿ ಸುಮ್ಮನಿರಲಿಲ್ಲ. ಯಾರಾದರೂ ಕಂಡದ್ದು ಕೇಳಿದ್ದು ಹೇಳಲು ಕೂತರೆ ನಡುನಡುವೆ ಪ್ರಶ್ನೆ ಹಾಕಿ ಅವರ ಕಥೆ ಕೆಡಿಸುತ್ತಿದ್ದೆ. ಅಂಥ ನನಗೇ ಇದು ಆಯಿತು. ನೀವು ನಂಬಬೇಕೆಂದು ಬರೆಯುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗೆ ಪುಟ ತಿರುಗಿಸಿರುತ್ತಿದ್ದೆ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಗಿರಿಜೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಬಂಗಾರಕ್ಕಲ್ಲ, ಸೀರೆಗಲ್ಲ, ಅವಳ ಬಣ್ಣಕ್ಕೂ ಅಲ್ಲ. ಅವಳಿಗೆ ಕಾಡಿನ ಪ್ರಾಣಿಗಳು ಕಾಣಿಸುತ್ತಿದ್ದವು, ನನಗೆ ಕಾಣಿಸುತ್ತಿರಲಿಲ್ಲ. ಇಷ್ಟೇ. ನಗಬೇಡಿ, ಇಷ್ಟೇ ಸಾಕಾಗಿತ್ತು.

ಸಣ್ಣವಳಿದ್ದಾಗ ನಮ್ಮ ತವರುಮನೆಯ ಅಡುಗೆಮನೆಯಲ್ಲಿ ಹುಲಿಯ ಚಿತ್ರವಿದ್ದ ಹಳೆಯ ಕ್ಯಾಲೆಂಡರ್ ಒಂದು ತೂಗುತ್ತಿತ್ತು. ತಾರೀಖಿನ ಹಾಳೆಗಳೆಲ್ಲ ಹರಿದುಹೋಗಿದ್ದರೂ ಚಿತ್ರ ಮಾತ್ರ ಉಳಿದಿತ್ತು. ರೊಟ್ಟಿ ಬಡಿಯುತ್ತ ನಾನು ಅದನ್ನೇ ನೋಡುತ್ತಿದ್ದೆ. ಯಾವ ಮೂಲೆಗೆ ಕೂತರೂ ಅದು ನನ್ನನ್ನೇ ನೋಡುತ್ತಿತ್ತು. ಒಮ್ಮೆ ಜೀವಂತ ಹುಲಿಯನ್ನು ಕಾಡಿನಲ್ಲಿ ನೋಡಬೇಕು, ಅದೂ ನನ್ನನ್ನು ಹೀಗೆಯೇ ನೋಡಬೇಕು ಎಂಬ ಆಸೆ ಆಗಿನಿಂದ ಹತ್ತಿಕೊಂಡಿತು. ನಮ್ಮ ಕಡೆ ಏನಿದೆ ಹೇಳಿ? ಎರೆಹೊಲ, ಜೋಳ, ಹತ್ತಿ. ಮೈಲುಗಟ್ಟಲೆ ನೋಡಿದರೂ ಜಾಲಿಗಿಡ, ಬನ್ನಿಗಿಡ. ಹೆಚ್ಚೆಂದರೆ ಸವದತ್ತಿಯ ಗುಡ್ಡದ ಕಡೆ ನವಿಲು, ರಾಮದುರ್ಗದ ಕಡೆ ಒಂದು ತೋಳ.

ಮೈದುನನಿಗೆ ತಿರುಗಾಟದ ಹುಚ್ಚು. ತೊಂಬತ್ತರ ದಶಕದ ನಡುವಿನಲ್ಲಿ ಅವನೊಂದು ಟ್ರ್ಯಾಕ್ಸ್ ಗಾಡಿ ತಂದ ಮೇಲೆ ವರ್ಷಕ್ಕೊಮ್ಮೆ ಯಾವುದಾದರೂ ಕಾಡಿಗೆ ನಮ್ಮ ಮನೆಯವರೆಲ್ಲರ ಸವಾರಿ ಹೊರಡತೊಡಗಿತು. ನಾನು ಹಿರಿಯ ಸೊಸೆ. ಬುತ್ತಿಯ ಗಂಟು ನನ್ನ ತೊಡೆಯ ಮೇಲೆ, ನೀರಿನ ಕ್ಯಾನು ನನ್ನ ಕಾಲ ಸಂದಿಯಲ್ಲಿ. ಯಾರಿಗೆ ಹಸಿವಾದರೂ ಕೂಗುವುದು ನನ್ನನ್ನೇ. ಗಿರಿಜೆ ಕಿಟಕಿಯ ಪಕ್ಕ. ರಾಣೆಬೆನ್ನೂರಿನಲ್ಲಿ ಚಿಗರಿಯ ಹಿಂಡು ಟಣ್ಣನೆ ಜಿಗಿಯುತ್ತ ದಾರಿ ದಾಟಿದಾಗ ನಾನು ವಾಂತಿ ಮಾಡಿಕೊಂಡ ಮಗನ ಅಂಗಿ ಬದಲಿಸುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಧೂಳು ಮಾತ್ರ ಉಳಿದಿತ್ತು. ದಾಂಡೇಲಿಯಲ್ಲಿ ಕರಿಚಿರತೆ ಅವಳೊಬ್ಬಳಿಗೇ ಕಂಡಿತು. ನಾನು ಆಗ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದೆ.

ಬಂಡೀಪುರದ್ದಂತೂ ನೆನೆದರೆ ಈಗಲೂ ಮೈ ಉರಿಯುತ್ತದೆ. ಜೀಪು ನಡೆಸುತ್ತಿದ್ದವನು ತಟ್ಟನೆ ನಿಲ್ಲಿಸಿ, "ವಾಸನೆ ಬರ್ತಿದೆಯಾ? ಬಾಸುಮತಿ ಅಕ್ಕಿ ಬೇಯಿಸಿದ ಹಾಗೆ? ಹುಲಿ ಇಲ್ಲೇ ಎಲ್ಲೋ ಇದೆ" ಎಂದ. ಎಲ್ಲರೂ ಮೂಗೆತ್ತಿ "ಹೌದ್ಹೌದು" ಎಂದರು. ನನ್ನ ತೊಡೆಯ ಮೇಲೆ ಬೆಳ್ಳುಳ್ಳಿ ಚಟ್ನಿಯ ಡಬ್ಬಿ ತೆರೆದಿತ್ತು, ನನಗೆ ಬಂದದ್ದು ಅದರ ವಾಸನೆ. ಡಬ್ಬಿ ಮುಚ್ಚಲು ನಾನು ಬಗ್ಗಿದೆ. ಆ ಬಗ್ಗಿದ ಹೊತ್ತಿನಲ್ಲೇ ಹುಲಿ ಬಿದಿರು ಮೆಳೆಯಿಂದ ಹೊರಬಂದು, ನಿಂತು, ಹೋಗಿಬಿಟ್ಟಿತು. ಗಿರಿಜೆ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. "ಅಕ್ಕಾ, ನನ್ನ ಕಣ್ಣಾಗ ಕಣ್ಣಿಟ್ಟು ನೋಡ್ತರೀ ಅದು" ಎಂದಳು.

ಅವಳು ಜಂಬದಿಂದ ಹೇಳಿದ್ದಲ್ಲ. ಪಾಪ, ಗಿರಿಜೆಗೆ ಜಂಬವೆಂದರೆ ಏನೆಂದೇ ಗೊತ್ತಿಲ್ಲ. ಜಂಬ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು, ಒಂದು ಜಗಳವನ್ನಾದರೂ ತೆಗೆಯಬಹುದಿತ್ತು. ಊರಿಗೆ ಬಂದ ಮೇಲೆ ಓಣಿಯ ಹೆಂಗಸರೆಲ್ಲ ಅವಳ ಬಾಯಿಂದ ಹುಲಿಯ ಸುದ್ದಿ ಕೇಳಲು ಬರುವುದು, ನಾನು ಅವರಿಗೆಲ್ಲ ಚಹ ಮಾಡಿಕೊಡುವುದು. "ನಿಮಗ ಕಾಣಲಿಲ್ಲೇನ್ರಿ?" ಎಂದು ಒಬ್ಬೊಬ್ಬರೂ ಕೇಳುವರು. "ಇಲ್ಲವಾ, ನನಗ ಚಟ್ನಿ ಕಂಡಿತ್ತು" ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಆದರೆ ಒಳಗೆ ಹೊಟ್ಟೆ ಧಗಧಗ ಎನ್ನುತ್ತಿತ್ತು.

ಮರುವರ್ಷ ಮತ್ತೆ ದಾಂಡೇಲಿ ಎಂದಾಯಿತು. ಈ ಸಲ ಬುತ್ತಿಯ ಗಂಟನ್ನು ಹಿಂದೆ ಇಡಿಸಿ ನಾನೇ ಕಿಟಕಿಯ ಪಕ್ಕ ಕೂರುವುದೆಂದು ನಿರ್ಧಾರ ಮಾಡಿ ಗಂಡನಿಗೂ ಹೇಳಿಬಿಟ್ಟಿದ್ದೆ. ಆದರೆ ಕಾಡಿನ ವಸತಿಮನೆ ಸಿಕ್ಕಿದ್ದು ಸರಿಯಾಗಿ ಎಳ್ಳ ಅಮಾವಾಸ್ಯೆಯ ದಿನ. ಬೇರೆ ದಿನವೇ ಇಲ್ಲವಂತೆ. ನಮ್ಮ ಅತ್ತೆ ಕೇಳಿದ್ದೇ ತಡ, "ಚರಗ ಯಾರ ಚೆಲ್ಲಾವ್ರು?" ಎಂದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟಿಷ್ಟು ಕಲಸಿ ಬುಟ್ಟಿಯಲ್ಲಿ ತುಂಬಿಕೊಂಡು ಹೊಲದ ಸುತ್ತ ಚೆಲ್ಲುತ್ತ ಹೋಗುವುದೇ ಚರಗ. ಭೂಮಿತಾಯಿ ಬಸುರಿ, ಅವಳ ಬಯಕೆಗೆಂದು ಕೊಡುವುದು. ನಮ್ಮ ಮನೆಯ ಪದ್ಧತಿಯಲ್ಲಿ ಬುಟ್ಟಿ ಹಿಡಿಯುವುದು ಹಿರಿಯ ಸೊಸೆ. ಚೆಲ್ಲಿದ ಚರಗದ ಮೇಲೆ ತಂಬಿಗೆಯಿಂದ ನೀರು ಬಿಡುತ್ತ ಹಿಂದೆ ಬರುವವಳು ಕಿರಿಯ ಸೊಸೆ. ಸುತ್ತು ಮುಗಿಯುವ ತನಕ ಮುಂದಿನವಳು ಹಿಂದಿರುಗಿ ನೋಡುವಂತಿಲ್ಲ.

"ಕಿರಿ ಸೊಸಿ ಇಲ್ಲಂದ್ರ ನಡೀತೈತಿ. ಹಿರಿ ಸೊಸಿ ಇಲ್ಲಂದ್ರ ಚರಗ ಹೆಂಗಾಕ್ಕೈತಿ?" ಎಂದರು ಅತ್ತೆ. ಮುಗಿಯಿತು. ಗಿರಿಜೆ, "ಹಂಗಾರ ನಾನೂ ಉಳೀತೇನಿ ಅಕ್ಕಾ" ಎಂದಳು. ಉಳಿಯಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಆದರೆ ರಾಮದುರ್ಗದಿಂದ ಅವಳ ಅಣ್ಣ ಅತ್ತಿಗೆ ಬೇರೆ ಬಂದಿಳಿದಿದ್ದರು, ಅವರನ್ನು ಬಿಟ್ಟು ಇವಳು ಹೇಗೆ ಉಳಿದಾಳು? ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಸ್ ಕಿತ್ತೂರಿನ ದಾರಿ ಹಿಡಿಯಿತು. ನನ್ನ ಗಂಡ, ನನ್ನ ಮಗ ಕೂಡ ಅದರಲ್ಲಿದ್ದರು. ಕಿಟಕಿಯ ಪಕ್ಕ ಗಿರಿಜೆ ಕೂತು ಕೈ ಬೀಸಿದಳು. ನಾನು ಕೈ ಬೀಸಲಿಲ್ಲ, ಹಿಟ್ಟಿನ ಕೈ ಎಂದು ತೋರಿಸಿದೆ.

ಗಾಡಿ ಹೋದ ಮೇಲೆ ಅತ್ತೆ ತಮ್ಮ ಟ್ರಂಕು ತೆಗೆಸಿ ತಮ್ಮ ಕಾಲದ ಹಸಿರು ಇಳಕಲ್ ಸೀರೆಯೊಂದನ್ನು ನನ್ನ ಕೈಗಿಟ್ಟರು. "ನಮ್ಮತ್ತಿ ನನಗ ಚರಗಕ್ಕಂತ ಕೊಟ್ಟಿದ್ದು. ಉಟ್ಕೋ" ಎಂದರು. ಭುಜದ ಹತ್ತಿರ ಹರಿದು, ಅಲ್ಲಿ ಕೆಂಪು ಅರಿವೆಯ ತೇಪೆ ಹಾಕಿದ್ದರು. ಅಳುವ ಮಗುವಿಗೆ ಬೆಲ್ಲ ಕೊಟ್ಟಂತೆ ಕೊಟ್ಟದ್ದು ಎಂದು ನನಗೆ ಗೊತ್ತಾಯಿತು. ಆದರೂ ಉಟ್ಟೆ. ಆ ಸೀರೆ ನಾನು ಅಲ್ಲಿಯತನಕ ಕಂಡಿರಲೇ ಇಲ್ಲ.

ಮುರಗೋಡದ ದಾರಿಯಲ್ಲಿರುವ ಹೊಲಕ್ಕೆ ಚಕ್ಕಡಿಯಲ್ಲಿ ಹೋದೆವು. ಅತ್ತೆ, ನಾನು, ಚಕ್ಕಡಿ ಹೊಡೆಯುವ ಫಕೀರಪ್ಪ, ಮೂರೇ ಮಂದಿ. ಜೋಳ ನನ್ನ ತಲೆಗಿಂತ ಎತ್ತರ ಬೆಳೆದು ಹಾಲುಗಾಳಾಗಿತ್ತು. ಗುಬ್ಬಿ, ಗಿಳಿಗಳ ಗದ್ದಲವೋ ಗದ್ದಲ. ಪೂಜೆ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂತು. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು, ಮೊಣಕಾಲೂ ಏಳಗೊಡುತ್ತಿರಲಿಲ್ಲ. ಅವರು ಗಿಡದ ನೆರಳಲ್ಲಿ ಕೂತರು. ನೀರು ತುಂಬಿದ ತಂಬಿಗೆಯನ್ನು ಅವರ ಪಕ್ಕದಲ್ಲಿಟ್ಟು, ಚರಗ ಮುಗಿಸಿ ಬಂದು ನೀರಿಗಾಗಿ ನಾನೇ ಇನ್ನೊಂದು ಸುತ್ತು ಹಾಕಿದರಾಯಿತು ಎಂದುಕೊಂಡು ಬುಟ್ಟಿಯನ್ನು ಸೊಂಟಕ್ಕೇರಿಸಿದೆ.

ನಿಜ ಹೇಳುತ್ತೇನೆ, ಭೂಮಿತಾಯಿಯ ಧ್ಯಾನ ನನಗಿರಲಿಲ್ಲ. ಒಂದೊಂದು ಹಿಡಿ ಚೆಲ್ಲುವಾಗಲೂ ಈಗ ಅವರು ಕಾಡು ಹೊಕ್ಕಿರಬೇಕು, ಈಗ ಅವಳಿಗೆ ಕಂಡಿರಬೇಕು ಎಂದೇ ಮನಸ್ಸು ಕುದಿಯುತ್ತಿತ್ತು. ಹೊಲದ ದೂರದ ಮೂಲೆ ತಿರುಗಿದೆ ನೋಡಿ, ಗದ್ದಲ ಮಾಡುತ್ತಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಗಪ್ಪಾದವು. ಗಿಡದ ಕಡೆಯಿಂದ ಎತ್ತಿನ ಗಂಟೆಗಳು ಜೋರಾಗಿ ಬಾರಿಸಿದ್ದು, ಫಕೀರಪ್ಪ "ಹೋ, ಹೋ" ಎಂದು ಓಡಿದ್ದು ಕೇಳಿಸಿತು. ಆಮೇಲೆ ಅದೂ ಇಲ್ಲ.

ಹಿಂದೆ ಯಾರೋ ಬರುತ್ತಿದ್ದರು. ಒಣಗಿದ ಎಲೆಯ ಮೇಲೆ ಮೆತ್ತಗೆ ಕಾಲಿಡುವ ಸದ್ದು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಜೊತೆಗೆ ನೀರು ನೆಲಕ್ಕೆ ಬೀಳುವ ಸಣ್ಣ ಸದ್ದು. ಪ್ರತಿ ವರ್ಷ ಕೇಳಿ ಕೇಳಿ ಅಭ್ಯಾಸವಾದ ಸದ್ದೇ ಅದು, ಹಾಗಾಗಿ ಒಂದಿಷ್ಟು ದೂರ ನಾನು ಗಿರಿಜೆ ಎಂದೇ ನಡೆದೆ. ಗಿರಿಜೆ ದಾಂಡೇಲಿಯಲ್ಲಿದ್ದಾಳೆಂದು ನೆನಪಾದದ್ದು ಆಮೇಲೆ. ಪಕ್ಕದ ಹೊಲದವರು ಯಾರೋ ಪುಣ್ಯ ಬರಲೆಂದು ಹಿಂದೆ ಬಂದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ತಿರುಗಿ ನೋಡುವ ಹಾಗಿರಲಿಲ್ಲ. ಆ ಹೊತ್ತಿನಲ್ಲಿ ಒಂದು ವಾಸನೆ ಬಂತು. ಬಿಸಿ ಬಿಸಿ ಅನ್ನದ ವಾಸನೆ, ಒಳ್ಳೆಯ ಅಕ್ಕಿಯದು. ಬುಟ್ಟಿಯಲ್ಲಿದ್ದದ್ದು ಜೋಳದ ನುಚ್ಚಿನ ಬಾನ, ಸಜ್ಜಿ ರೊಟ್ಟಿ, ಪುಂಡಿಪಲ್ಯ. ಯಾರ ಹೊಲದಲ್ಲಿ ಅನ್ನ ಇಟ್ಟಿದ್ದಾರೆ ಇವತ್ತು ಎಂದುಕೊಂಡೆ. ಬೇರೇನೂ ಹೊಳೆಯಲಿಲ್ಲ.

ಬನ್ನಿಗಿಡ ಮುಟ್ಟಿ, ಖಾಲಿ ಬುಟ್ಟಿ ಇಳಿಸಿ, ಆಗ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆದರೆ ನಾನು ನಡೆದು ಬಂದ ಬದುವಿನಗುಂಟ ನೆಲ ತೊಯ್ದಿತ್ತು, ಕಣ್ಣು ಹಾಯುವಷ್ಟು ದೂರ ಒಂದು ಕಪ್ಪು ಗೆರೆ. ಕೈಯಿಂದ ಮುಟ್ಟಿ ನೋಡಿದೆ, ಕೆಸರು ಬೆರಳಿಗೆ ಅಂಟಿತು. ಅತ್ತೆಯ ಪಕ್ಕದ ತಂಬಿಗೆ ಇಟ್ಟಂತೆಯೇ ಇತ್ತು, ಬಾಯಿಮಟ ನೀರು. ನಾನು ಏನಾದರೂ ಕೇಳುವ ಮೊದಲೇ ಅತ್ತೆ ಕಣ್ಣು ಕಿರಿದು ಮಾಡಿ ಕೇಳಿದರು. "ನಿನ್ನ ಹಿಂದ ಬಂದಾಕಿ ಯಾರವಾ ಅಕಿ? ಹಳದಿ ಸೀರಿಯಾಕಿ?"

ಅಷ್ಟರಲ್ಲಿ ಫಕೀರಪ್ಪ ಎತ್ತುಗಳನ್ನು ಎಳೆದುಕೊಂಡು ಬಂದ. ಕಣ್ಣಿ ಹರಿದುಕೊಂಡು ರಸ್ತೆಯತನಕ ಓಡಿದ್ದವಂತೆ, ಇಂಥದ್ದು ಎಂದೂ ಮಾಡಿದವಲ್ಲ ಎಂದು ಅವುಗಳ ಮೈ ತಟ್ಟುತ್ತಿದ್ದ. ಹೆಜ್ಜೆಗಿಜ್ಜೆ ಮೂಡಿದೆಯೇ ಎಂದು ಬದುವಿನ ಮೇಲೆ ಹುಡುಕಿದೆ. ಎಲ್ಲ ಹೆಂಟೆ, ಕಸ, ಎಲೆ. ಏನೂ ತಿಳಿಯಲಿಲ್ಲ. ಮನೆಗೆ ಬಂದವಳೇ ಆ ಸೀರೆ ಬಿಚ್ಚಿ, ನೀರಿಗೆ ಹಾಕಿ ಒಣಗಿಸಿ, ಮರುದಿನ ಮಡಚಿ ಟ್ರಂಕಿನಲ್ಲಿಟ್ಟೆ. ಹಳದಿ ಸೀರೆಯಾಕೆ ಯಾರೆಂದು ಆಜುಬಾಜು ಹೊಲದವರನ್ನು ವಿಚಾರಿಸಿದೆ. ಯಾರೂ ನಮ್ಮ ಬದು ತುಳಿದಿರಲಿಲ್ಲ.

ಮರುದಿನ ಸಂಜೆ ಟ್ರ್ಯಾಕ್ಸ್ ಬಂತು. "ಏನ ಕಂಡ್ರವಾ ಈ ಸಲ?" ಎಂದು ಬಾಗಿಲಲ್ಲೇ ಕೇಳಿದೆ. "ಎಲ್ಲೀದು ವೈನಿ, ಒಂದ ಮಂಗ್ಯಾನೂ ಕಾಣಲಿಲ್ಲ" ಎಂದ ಮೈದುನ. ಅಮಾವಾಸ್ಯೆಯ ದಿನ ವಸತಿಮನೆಯಿಂದ ಜೀಪು ಹೊರಡುವುದು ತಡವಾಗಿ ಮಟಮಟ ಮಧ್ಯಾಹ್ನ ಕಾಡು ಹೊಕ್ಕರಂತೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಊಟಕ್ಕೆ ಕೂತವರಿಗೆಲ್ಲ ಶೇಂಗಾ ಹೋಳಿಗೆಯ ಮೇಲೆ ಕೇಳದೇ ತುಪ್ಪ ಸುರಿದೆ. ಊಟದ ನಡುವೆ ಮೈದುನ ನಗುತ್ತ ಹೇಳಿದ. "ಈಕೀದು ಕೇಳ್ರಿ ವೈನಿ. ಜೀಪಿನ್ಯಾಗ ಕುಂತಲ್ಲೇ ಕಣ್ಣ ಬಿಟಗೊಂಡ ನಿದ್ದಿ ಮಾಡಿದ್ಲೋ ಏನೋ, ಕೈಯಾಗಿನ ಬಾಟ್ಲಿ ನೀರೆಲ್ಲ ಹೊರಗ ಹಿಂಗ ಸಣ್ಣಗ ಬಿಟಗೋತ ಹೊಂಟಿದ್ಲು. ಕೂಗಿದ್ರ ಎಚ್ಚರಿಲ್ಲ!" ಎಲ್ಲರೂ ನಕ್ಕರು. ಗಿರಿಜೆ ನಗಲಿಲ್ಲ. ನನ್ನ ಕೈಯಲ್ಲಿದ್ದ ತುಪ್ಪದ ಮಿಳ್ಳಿ ಅಲ್ಲೇ ನಿಂತಿತು.

ಗಂಡಸರು ಪಡಸಾಲೆಗೆ ಹೋದ ಮೇಲೆ ಅವಳು ಒಲೆಯ ಹತ್ತಿರ ಬಂದು ಕೂತಳು. "ಅಕ್ಕಾ, ಅಮಾಸಿ ದಿನ ನೀವು ಯಾವ ಸೀರಿ ಉಟ್ಟಿದ್ರಿ?" ಎಂದಳು. ಯಾಕೆಂದು ಕೇಳಿದೆ. ಅವಳು ದನಿ ತಗ್ಗಿಸಿ, "ಹಸರ ಇಳಕಲ್ಲ ಸೀರಿ, ಹೌದಿಲ್ಲ? ಭುಜದ ಮ್ಯಾಲ ಕೆಂಪ ತ್ಯಾಪಿ" ಎಂದಳು. ನಾನು ಹೇಳಿರಲಿಲ್ಲ. ಅತ್ತೆಯೂ ಹೇಳಿರಲಿಲ್ಲ, ಆಮೇಲೆ ಕೇಳಿ ಖಾತ್ರಿ ಮಾಡಿಕೊಂಡೆ.

ಅವಳು ಹೇಳಿದ್ದು ಇಷ್ಟು. ನೆತ್ತಿಯ ಮೇಲೆ ಬಿಸಿಲು. ಜೀಪು ನಿಧಾನ ಹೋಗುತ್ತಿತ್ತು. ತೇಗದ ಮರಗಳ ನಡುವೆ, ದಾರಿಗೆ ಸಮನಾಗಿ, ನಾನು ನಡೆದು ಬರುತ್ತಿದ್ದೆನಂತೆ. ಸೊಂಟದಲ್ಲಿ ಬುಟ್ಟಿ, ಚರಗ ಚೆಲ್ಲುತ್ತ, ಮುಖ ಗಂಟು ಹಾಕಿಕೊಂಡು. ನನ್ನ ಹಿಂದೆ ನಾಲ್ಕು ಮಾರು ಅಂತರದಲ್ಲಿ ಹುಲಿ. ನಾನು ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ಕೂಗಬೇಕೆಂದರೆ ಗಿರಿಜೆಗೆ ದನಿಯೇ ಹೊರಡಲಿಲ್ಲ. "ಅಕ್ಕ ಚರಗ ಚೆಲ್ಲಾಕಹತ್ಯಾರ, ನೀರ ಬಿಡಾವ್ರು ಯಾರೂ ಇಲ್ಲಲ್ಲ ಅಂತ ಅಷ್ಟ ತಲಿಯಾಗ ಬಂತರಿ. ಕೈ ತಾನ ಬಾಟ್ಲಿ ಬಗ್ಗಿಸ್ತು" ಎಂದಳು. ಜೀಪಿನಲ್ಲಿದ್ದ ಬೇರೆ ಯಾರಿಗೂ ಏನೂ ಕಂಡಿರಲಿಲ್ಲ.

ಆ ಬಾಸುಮತಿ ಅನ್ನದ ವಾಸನೆ ನನಗೆ ನೆನಪಾದದ್ದು ಆಗಲೇ. ಮೈಮೇಲಿನ ಕೂದಲೆಲ್ಲ ನಿಮಿರಿ ನಿಂತವು. ಆದರೆ, ಸುಳ್ಳು ಯಾಕೆ ಹೇಳಲಿ, ಹೆದರಿಕೆಯ ಹಿಂದೆಯೇ ನನಗೆ ಬಂದದ್ದು ಸಿಟ್ಟು. ನನ್ನ ಹೊಲ, ನನ್ನ ಬುಟ್ಟಿ, ನನ್ನ ಬೆನ್ನ ಹಿಂದೆ ಬಂದ ಹುಲಿ, ಅದನ್ನೂ ನೋಡಿದವಳು ಇವಳೇ!

"ಅಂದ್ರ ಈ ಸಲಾನೂ ನೀನ ನೋಡಿದಿ" ಎಂದೆ.

"ಅದು ನನ್ನ ಕಡೆ ಒಮ್ಮೆನೂ ನೋಡಲಿಲ್ಲ ಅಕ್ಕಾ" ಎಂದಳು ಗಿರಿಜೆ. "ನಿಮ್ಮನ್ನ ನೋಡಾಕಹತ್ತಿತ್ತು. ಕಣ್ಣ ಕೀಳಲಿಲ್ಲ. ನಾ ಇಷ್ಟೆಲ್ಲಾ ಪ್ರಾಣಿ ನೋಡೇನಿ, ನನ್ನ ಹಿಂದ ಒಂದರ ಹಂಗ ಬಂದೈತೇನ್ರಿ?" ಅವಳ ದನಿಯಲ್ಲಿ ಏನೋ ಇತ್ತು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನನ್ನ ಹೊಟ್ಟೆಯೊಳಗೆ ಅಷ್ಟು ವರ್ಷ ಕೂತಿದ್ದದ್ದೇ ಅದು. ಒಲೆಯ ಮೇಲೆ ಹಾಲು ಉಕ್ಕಿಹೋಯಿತು.

ನಾನೂ ಕಾರಣ ಹುಡುಕಿದ್ದೇನೆ. ಗಂಡನಿಗೆ ಹೇಳಿದರೆ, "ಉಪಾಸ ಇದ್ದಿ, ಬಿಸಲಾಗ ಅಡ್ಡಾಡಿದಿ" ಎಂದರು. ಇರಬಹುದು, ನನ್ನ ತಲೆ ತಿರುಗಿರಬಹುದು. ಅತ್ತೆಯ ಪೊರೆಗಣ್ಣಿಗೆ ಜೋಳದ ಒಣಗಿದ ಎಲೆ, ರವದಿಯೇ ಹಳದಿ ಸೀರೆಯಾಗಿರಬಹುದು. ಗಿರಿಜೆ ಕನಸು ಕಂಡಿರಬಹುದು. ಆದರೆ ಆ ಕೆಂಪು ತೇಪೆ? ಎಂಟು ಎಕರೆಯ ಬದುವಿನಗುಂಟ ತೊಯ್ದ ನೆಲ? ಬಾಟಲಿಯಲ್ಲಿ ಎಷ್ಟು ನೀರಿರುತ್ತದೆ? ಬೇರೆಯವರು ಈ ಕಥೆ ಹೇಳಿದ್ದರೆ ಇಂಥ ಪ್ರಶ್ನೆಗಳನ್ನು ಹಾಕಿ ಕೆಡಿಸುತ್ತಿದ್ದೆ. ಈಗ ನನ್ನ ಪ್ರಶ್ನೆಗಳಿಗೆ ನಾನೇ ಸಿಕ್ಕಿಬಿದ್ದಿದ್ದೇನೆ.

ಆಮೇಲೆ ನಾಗರಹೊಳೆಗೆ ಹೋದೆವು, ಮತ್ತೆ ಬಂಡೀಪುರಕ್ಕೂ ಹೋದೆವು. ಈಗ ಕಿಟಕಿಯ ಪಕ್ಕ ನಾನು. ಬುತ್ತಿಯ ಗಂಟನ್ನು ಗಿರಿಜೆ ಕೇಳದೇ ತನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಆನೆ ಕಂಡಿದ್ದೇನೆ, ಕಾಡುಕೋಣ ಕಂಡಿದ್ದೇನೆ, ಕೆನ್ನಾಯಿಯನ್ನೂ ಕಂಡಿದ್ದೇನೆ. ಹುಲಿ ಕಂಡಿಲ್ಲ. ಅವಳಿಗೂ ಆಮೇಲೆ ಕಾಡಿನಲ್ಲಿ ಹುಲಿ ಕಂಡಿಲ್ಲ, ಹಾಗೆಂದು ಅವಳು ಹೇಳುತ್ತಾಳೆ.

ಎಳ್ಳ ಅಮಾವಾಸ್ಯೆಗೆ ಮಾತ್ರ ಇಬ್ಬರೂ ಎಲ್ಲಿಗೂ ಹೋಗುವುದಿಲ್ಲ. ಅತ್ತೆ ತೀರಿಕೊಂಡ ಮೇಲೆ ಆ ಹಸಿರು ಸೀರೆ ನನ್ನ ಟ್ರಂಕಿಗೆ ಬಂದಿದೆ. ಅದನ್ನೇ ಉಟ್ಟು ಮುಂದೆ ನಾನು ಚರಗ ಚೆಲ್ಲುತ್ತ ಹೋಗುತ್ತೇನೆ, ಹಿಂದೆ ಅವಳು ನೀರು ಬಿಡುತ್ತ ಬರುತ್ತಾಳೆ. ದೂರದ ಮೂಲೆ ತಿರುಗಿದಾಗ ಬೇಕೆಂದೇ ಹೆಜ್ಜೆ ನಿಧಾನ ಮಾಡಿ ಮೂಗೆತ್ತುತ್ತೇನೆ. ತಿರುಗಿ ನೋಡುವುದಿಲ್ಲ. ಗಿಡದ ಬುಡಕ್ಕೆ ಬಂದು ಬುಟ್ಟಿ ಇಳಿಸಿದ ಮೇಲೆ ಪ್ರತಿ ವರ್ಷವೂ ಕೇಳುತ್ತೇನೆ, "ಏನರ ಕಂಡ್ತೇನ ಗಿರಿಜಾ?" ಎಂದು.

"ಏನಿಲ್ಲ ಅಕ್ಕಾ" ಎನ್ನುತ್ತಾಳೆ ಅವಳು, ತಂಬಿಗೆಯೊಳಗೆ ನೋಡುತ್ತ. ನಿಜವಾಗಿಯೂ ಏನೂ ಇರುವುದಿಲ್ಲವೋ, ನನ್ನ ಹೊಟ್ಟೆ ಉರಿಯಬಾರದೆಂದು ಹಾಗೆ ಹೇಳುತ್ತಾಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.